ಸೊಸೆತನಕ್ಕೆ ಒಂದೂವರೆ ಗಂಟೆ ಬಿಡುವು

ಇಂದ,
ಕಾರ್ಖಾನೆ ಕ್ಯಾಂಟೀನಿನ ಅಡುಗೆಯವನು,
ಕಿಟಕಿ ಪಕ್ಕದ ಬೆಂಚು, ವಯಸ್ಕರ ಸಂಜೆ ಶಾಲೆ.

ಗೆ,
ವಯಸ್ಕರ ಶಿಕ್ಷಣದ ಮೇಲ್ವಿಚಾರಕರು.

ವಿಷಯ: ಸಂಜೆ ಆರರಿಂದ ಏಳೂವರೆವರೆಗೆ ನಮ್ಮ ಶಿಕ್ಷಕಿಯನ್ನು ಸೊಸೆತನದಿಂದ ಬಿಡುಗಡೆಗೊಳಿಸುವ ಬಗ್ಗೆ.

ಉಲ್ಲೇಖ: ತಾವು ಶಾಲೆಗೆ ಬಂದಿದ್ದಾಗ, “ತೊಂದರೆ ಇದ್ರೆ ಬರೆದು ಕೊಡಿ, ಬಾಯಲ್ಲಿ ಹೇಳ್ಬೇಡಿ” ಎಂದು ಬಾಯಲ್ಲಿ ಹೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನಮ್ಮ ಶಿಕ್ಷಕಿ ನನ್ನ ಹಿರಿಮಗನ ಹೆಂಡತಿ. ಕಲಿಸುವುದರಲ್ಲಿ ಎತ್ತಿದ ಕೈ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುವ ನಮ್ಮಲ್ಲಿ ಯಾರು ತಪ್ಪಿದರೂ ಮುಲಾಜಿಲ್ಲದೆ ಕೆಂಪು ಗೀಟು ಎಳೆಯುತ್ತಾಳೆ, ನನ್ನೊಬ್ಬನನ್ನು ಬಿಟ್ಟು.

೨. ಅನುಮಾನ ಬಂದು, ಒಂದು ದಿನ ಪಕ್ಕದ ಕ್ಷೌರಿಕನ ಲೆಕ್ಕವನ್ನು ಇದ್ದ ಹಾಗೇ ನಕಲು ಮಾಡಿದೆ. ಅವನದು ತಪ್ಪು, ನನ್ನದು ಸರಿ ಎಂದು ತೀರ್ಮಾನವಾಯಿತು.

“ಅಲ್ಲಮ್ಮಾ, ಎರಡೂ ಒಂದೇ ಉತ್ತರ ತಾನೆ?” ಎಂದೆ.

“ಅವರು ನನ್ನ ಮಾವ ಅಲ್ವಲ್ಲ” ಎಂದಳು.

೩. ಹತ್ತು ಜನರ ಅಡುಗೆಗೆ ಎರಡು ಚಮಚ ಉಪ್ಪಾದರೆ ನೂರು ಜನರಿಗೆ ಎಷ್ಟು ಎಂಬ ಲೆಕ್ಕಕ್ಕೆ ಇನ್ನೂರು ಎಂದು ಬರೆದೆ. ಸರಿ ಗುರುತು ಬಿತ್ತು. ಆ ಕಾರಣದಿಂದ ಮರುದಿನ ಕ್ಯಾಂಟೀನಿನಲ್ಲಿ ಇಷ್ಟು ವರ್ಷದ ಕೈ ಅಳತೆಯನ್ನು ಬದಿಗಿಟ್ಟು ವಿದ್ಯೆಯನ್ನು ನಂಬಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕಷ್ಟೆ. ಮಧ್ಯಾಹ್ನದೊಳಗೆ ಕಾರ್ಖಾನೆಯ ಟ್ಯಾಂಕು ಬರಿದಾಯಿತು.

೪. ಮ್ಯಾನೇಜರರು ಕರೆದು, “ಪರೀಕ್ಷೆ ಪಾಸಾಗಿ ಬಾ. ಇಲ್ಲಾಂದ್ರೆ ಸೌಟು ಕೆಳಗಿಟ್ಟು ಪಾತ್ರೆ ತೊಳೆಯೋ ಕಡೆ ಹೋಗು” ಎಂದಿದ್ದಾರೆ. ಪರೀಕ್ಷೆ ಮುಂದಿನ ತಿಂಗಳು. ಪೇಪರ್ ತಿದ್ದುವವರು ನನ್ನ ಸೊಸೆಯಲ್ಲ. ನನಗೆ ನಿಜವಾಗಿಯೂ ಭಯವಾಗಿದೆ.

೫. “ಒಂದ್ಸಲ ಬೈದು ನೋಡಮ್ಮಾ” ಎಂದು ಮನೆಯಲ್ಲಿ ಅಂಗಲಾಚಿದೆ.

“ಮಾವನಿಗೆ ಬೈಯೋ ಸೊಸೆ ಅಂತ ಹೆಸರು ತಗೋಬೇಕಾ ನಾನು? ಬೇರೆ ಏನಾದ್ರೂ ಕೇಳಿ” ಎಂದು ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಆದ್ದರಿಂದ, ಸದರಿ ಅವಧಿಯಲ್ಲಿ ಆಕೆ ನನ್ನ ಸೊಸೆಯಲ್ಲ, ನಾನು ಆಕೆಯ ಮಾವನಲ್ಲ ಎಂದು ಲಿಖಿತ ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ. ಕಿವಿ ಹಿಂಡಲು ನನ್ನ ಆಕ್ಷೇಪಣೆಯಿಲ್ಲ. ಆದರೆ ಏಳೂವರೆ ಹೊಡೆದ ಕೂಡಲೇ ಸಂಬಂಧವು ತಾನಾಗಿಯೇ ಮತ್ತೆ ಜಾರಿಗೆ ಬರತಕ್ಕದ್ದು. ಕಾರಣ, ಇಂಥ ಸೊಸೆ ಇನ್ನೊಬ್ಬಳು ಸಿಗುವುದಿಲ್ಲ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಸೌಟು ಹಿಡಿದಿರುವ,
ಅಡುಗೆಯವನು

ಲಗತ್ತುಗಳು:
ನನ್ನ ಲೆಕ್ಕದ ಹಾಳೆ (ಸರಿ).
ಕ್ಷೌರಿಕನ ಅದೇ ಲೆಕ್ಕದ ಹಾಳೆ (ತಪ್ಪು). ಅವನು ಇದನ್ನು ಸಂತೋಷದಿಂದ ಕೊಟ್ಟಿದ್ದಾನೆ.

ವಿ.ಸೂ.: ಅರ್ಜಿಯನ್ನು ನಾನೇ ಬರೆದಿದ್ದೇನೆ. ಶಿಕ್ಷಕಿಗೆ ತೋರಿಸಿದಾಗ ಕಣ್ಣೊರೆಸಿಕೊಳ್ಳುತ್ತಾ ಕೊನೆಯವರೆಗೂ ಓದಿದಳು, ಒಂದಕ್ಷರ ತಿದ್ದಲಿಲ್ಲ. ಎಲ್ಲೆಲ್ಲಿ ತಪ್ಪಿದೆಯೋ ನನಗೆ ಗೊತ್ತಿಲ್ಲ, ಗೊತ್ತಿರುವವಳು ಹೇಳುತ್ತಿಲ್ಲ. ಆದ್ದರಿಂದ ತಾವಾದರೂ ದಯವಿಟ್ಟು ತಿದ್ದಿ, ಒಂದೆರಡು ಬೈಗುಳ ಸೇರಿಸಿ, ವಾಪಸು ಕಳಿಸಿಕೊಡಬೇಕಾಗಿ ವಿನಂತಿ.