ಹದಿಮೂರು ಕುಂಡ, ಒಂದು ಕುಕ್ಕರ್

ಯಾರಾದರೂ ದಡ್ಡ ಎಂದರೆ ಮನುಷ್ಯನಿಗೆ ಸಿಟ್ಟು ಬರುತ್ತದೆ. ಆದರೆ ‘ನಾನು ದಡ್ಡ, ಶುದ್ಧ ದಡ್ಡ, ದಯವಿಟ್ಟು ನಂಬಿ’ ಎಂದು ಹದಿಮೂರು ಮನೆಗಳ ಬಾಗಿಲು ತಟ್ಟಿ ಬೇಡಿಕೊಂಡವನು ಇಡೀ ಕಾಮೋಠೆ ಬಡಾವಣೆಯಲ್ಲಿ ಒಬ್ಬನೇ. ಅವನೇ ಶೇಖರ. ಒಬ್ಬರೂ ನಂಬಲಿಲ್ಲ ಎನ್ನುವುದೇ ಅವನ ಸಂಕಟ.

ಎಲ್ಲಕ್ಕೂ ಮೂಲ ಹೈಡ್ರೇಂಜಿಯಾ. ದಂಟಿನ ತುದಿಯಲ್ಲಿ ನೂರಾರು ಸಣ್ಣ ಹೂಗಳು ಒತ್ತಾಗಿ ಸೇರಿ ತೆಂಗಿನಕಾಯಿಯಷ್ಟು ದೊಡ್ಡ ಗೊಂಚಲಾಗುತ್ತದಲ್ಲ, ಆ ಗಿಡ. ಸೊಸೈಟಿಯ ಸೆಕ್ರೆಟರಿ ಯಶ್ವಂತ್ (ಬೆಳಗಾವಿ ಕಡೆಯವರು, ದನಿ ಎಷ್ಟು ದೊಡ್ಡದೆಂದರೆ ಅವರ ಗುಟ್ಟು ಪಕ್ಕದೂರು ಪನ್ವೇಲ್‌ಗೂ ಕೇಳುತ್ತದೆ) ಮಹಾಬಳೇಶ್ವರಕ್ಕೆ ಹೋದವರು ಒಂದು ಟೆಂಪೊ ತುಂಬ ಕುಂಡಗಳನ್ನು ಹೊತ್ತು ತಂದು ಹದಿನಾಲ್ಕು ಮನೆಗೂ ಹಂಚಿದರು. ಪಾಡ್ವದ (ನಮ್ಮ ಯುಗಾದಿಯ) ದಿನ ಯಾರ ಕುಂಡದಲ್ಲಿ ಹೆಚ್ಚು ಹೂವೋ ಅವರಿಗೆ ಮೂರು ಲೀಟರಿನ ಕುಕ್ಕರ್ ಎಂದು ಘೋಷಿಸಿದರು.

ಆದರೆ ಬೆಟ್ಟದ ಗಿಡಕ್ಕೆ ಕಾಮೋಠೆಯ ಸೆಖೆ ಹಿಡಿಸಬೇಕಲ್ಲ? ಮೂರನೆಯ ದಿನ ಮಧ್ಯಾಹ್ನ ಕೆಳಗಿನ ಮನೆಯ ಜಲಜಾಕ್ಷಿ ಅಕ್ಕ ಕಿರುಚಿಕೊಂಡು ಮೆಟ್ಟಿಲು ಹತ್ತಿ ಬಂದರು.

“ಶೇಖರಣ್ಣಾ! ಹೋಯ್ತು ಮಾರಾಯ್ರೆ, ನನ್ನ ಗಿಡ ಸತ್ತೇ ಹೋಯ್ತು!”

ಶೇಖರ ಹೋಗಿ ನೋಡಿದ. ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿದ್ದವು. ಅವನು ಕುಂಡವನ್ನು ನೆರಳಿಗೆ ಎಳೆದು, ಬುಡಕ್ಕೆ ಎರಡು ಚೊಂಬು ನೀರು ಹಾಕಿ, ಗಂಭೀರವಾಗಿ ಕೈಕಟ್ಟಿ ನಿಂತ. (ಬೇರೇನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.) ಸಂಜೆಯೊಳಗೆ ಗಿಡ ಏನೂ ಆಗದ ಹಾಗೆ ಎದ್ದು ನಿಂತಿತು. ಅಂದಿನಿಂದ ಶೇಖರ ಆ ಕಟ್ಟಡದ ಸಸ್ಯವೈದ್ಯ ಶಿರೋಮಣಿ.

ಈ ಗೌರವ ಅವನಿಗೆ ಸಣ್ಣದಾಗಿರಲಿಲ್ಲ. ವಾಶಿಯ ಆಫೀಸಿನಲ್ಲಿ ಹದಿನಾರು ವರ್ಷಗಳಿಂದ ಎಲ್ಲರೂ ಅವನನ್ನು ‘ಅರೇ ಶೆಟ್ಟಿ’ ಎಂದೇ ಕರೆಯುತ್ತಿದ್ದರು. ಕರಾವಳಿಯವರೆಲ್ಲ ಶೆಟ್ಟರೇ ಎಂದು ಅವರ ಲೆಕ್ಕ, ಅವನು ಶೆಟ್ಟಿಯೇ ಅಲ್ಲ. ಇಲ್ಲಿಯಾದರೋ ಲಿಫ್ಟಿನಲ್ಲಿ ಜನ ಅವನಿಗೆ ಜಾಗ ಬಿಡುತ್ತಿದ್ದರು.

ಜನವರಿಯಲ್ಲಿ ಶೇಖರನಿಗೆ ಮಲ್ಲಿಗೆಗೇ ಹೆಸರಾದ ಹುಟ್ಟೂರು ಶಂಕರಪುರ ನೆನಪಾಯಿತು. ಅಲ್ಲಿ ಅವನ ಅಮ್ಮ ಬೆಳೆದದ್ದು ಮಲ್ಲಿಗೆ. ಮಲ್ಲಿಗೆಯ ಹಳೆ ಗೆಲ್ಲುಗಳನ್ನು ಕರುಣೆಯಿಲ್ಲದೆ ಕತ್ತರಿಸಬೇಕು. ಆಗ ಹೊಸ ಚಿಗುರು ಒಡೆದು, ಆ ಚಿಗುರಲ್ಲೇ ಮೊಗ್ಗು. ಆ ಮಲ್ಲಿಗೆ ಮಾರಿಯೇ ಅಮ್ಮ ಅವನನ್ನು ಬಿ.ಕಾಂ. ಓದಿಸಿದ್ದಳು. ಇಷ್ಟು ದೊಡ್ಡ ಶಾಸ್ತ್ರ ಹೈಡ್ರೇಂಜಿಯಾಕ್ಕೆ ಮಾತ್ರ ಬೇಡವೇ?

ಒಂದು ಭಾನುವಾರ ಕತ್ತರಿ ಹಿಡಿದು ಮನೆಮನೆಗೆ ಹೊರಟ.

“ಇಷ್ಟೆಲ್ಲ ತೆಗೀಬೇಕಾ ಶೇಖರಣ್ಣ?” ಎಂದು ಜಲಜಾಕ್ಷಿ ಅಕ್ಕ ಹೆದರಿದರು.

“ಹಳೆ ಗೆಲ್ಲು ಇಟ್ಟುಕೊಂಡರೆ ಹೂ ಎಲ್ಲಿಂದ ಬರ್ತದೆ ಅಕ್ಕ? ಪಾಡ್ವಕ್ಕೆ ನೋಡಿ, ಕುಂಡದಲ್ಲಿ ಎಲೆ ಕಾಣ್ಲಿಕ್ಕಿಲ್ಲ.”

ಹದಿಮೂರು ಮನೆ ಮುಗಿಸಿ, ಬೆವರು ಒರೆಸಿಕೊಂಡು ತನ್ನ ಮನೆಯ ಬಾಲ್ಕನಿಗೆ ಬಂದರೆ ಕುಂಡದ ಮುಂದೆ ಹೆಂಡತಿ ವಿಮಲಾ ನಿಂತಿದ್ದಳು.

“ಒಂದು ಎಲೆ ಮುಟ್ಟಿ ನೋಡುವ!”

“ವಿಮಲಾ, ಇದು ಶಾಸ್ತ್ರೀಯ...”

“ನನ್ನ ಒಗ್ಗರಣೆಯ ಬೇವಿನ ಸೊಪ್ಪಿನ ಗಿಡಕ್ಕೂ ಹೀಗೇ ಶಾಸ್ತ್ರ ಮಾಡಿದಿರಿ. ಮೂರು ವರ್ಷ ಆಯ್ತು, ಇನ್ನೂ ಮಾರ್ಕೆಟಿನಿಂದ ತರ್ತಾ ಇದ್ದೇನೆ. ಒಳಗೆ ಹೋಗಿ!”

ಶೇಖರ ಒಳಗೆ ಹೋದ. ಪಾಪ, ಇವಳೊಬ್ಬಳ ಕುಂಡ ಬೋಳಾಗಿ ಉಳಿಯುತ್ತದಲ್ಲ ಎಂದು ಅವನಿಗೆ ನಿಜವಾಗಿಯೂ ಬೇಸರವಾಯಿತು.

ಪಾಡ್ವದ ಬೆಳಿಗ್ಗೆ ಹದಿನಾಲ್ಕು ಕುಂಡಗಳನ್ನು ಕೆಳಗೆ ಪಾರ್ಕಿಂಗ್‌ನಲ್ಲಿ ಸಾಲಾಗಿ ಇಟ್ಟರು. ಹದಿಮೂರರಲ್ಲಿ ಎಲೆ. ದಟ್ಟ, ಹಸಿರು, ಪತ್ರೊಡೆ ಮಾಡಬಹುದಾದಂಥ ಎಲೆ. ಹೂ ಮಾತ್ರ ಒಂದೂ ಇಲ್ಲ. ಹದಿನಾಲ್ಕನೆಯದು ವಿಮಲಾಳದು. ಅದರಲ್ಲಿ ಮೂರು ದೊಡ್ಡ ನೀಲಿ ಗೊಂಚಲು.

ಶೇಖರ ಒಂದೊಂದೇ ಕುಂಡದ ಎಲೆ ಸರಿಸಿ ಹೂ ಹುಡುಕಿದ. ಆಗ ಒಂಬತ್ತನೇ ಕ್ಲಾಸಿನ ಮಗಳು ಚೈತನ್ಯಾ ಮೊಬೈಲು ನೋಡುತ್ತ ಸ್ಪಷ್ಟವಾಗಿ ಹೇಳಿದಳು:

“ಪಪ್ಪಾ, ಇಸ್ ಮೇ ತೋ ಪುರಾನಿ ಡಾಲೀ ಪೇ ಹೀ ಫೂಲ್ ಆತಾ ಹೈ. ಆಪ್‌ನೇ ವಹೀ ಕಾಟ್ ದೀ!”

ಹಳೆ ಗೆಲ್ಲಿನಲ್ಲೇ ಹೂ! ಅವನು ಕತ್ತರಿಸಿದ್ದು ಅದನ್ನೇ! ಹದಿಮೂರು ಮನೆಯವರ ಇಪ್ಪತ್ತಾರು ಕಣ್ಣುಗಳು ವಿಮಲಾಳ ಕುಂಡದಿಂದ ಎದ್ದು ಶೇಖರನ ಮೇಲೆ ಕೂತವು.

“ಏನ್ರೀ ಶೇಖರ ಅವರ,” ಯಶ್ವಂತ್ ಗುಡುಗಿದರು, “ಎಲ್ಲಾರ ಗಿಡಾ ಕತ್ತರಿಸಿ ನಿಮ್ಮದೊಂದ್ ಬಿಟ್ರೀ? ಒಂದ್ ಕುಕ್ಕರ್ ಸಲುವಾಗಿ ಎಂಥಾ ತಲಿ ಓಡಿಸೀರಿ!”

“ಇಲ್ಲ, ನನಗೆ ಗೊತ್ತಿರಲಿಲ್ಲ...”

“ಶಂಕರಪುರದವರಿಗೆ ಹೂವಿನ ಗಿಡ ಗೊತ್ತಿಲ್ಲವಾ?” ಎಂದರು ಜಲಜಾಕ್ಷಿ ಅಕ್ಕ. “ನಿಮ್ಮನ್ನು ಅಣ್ಣ ಅಂತ ಕರೆದೆನಲ್ಲ!”

ನಿಯಮದ ಪ್ರಕಾರ ಕುಕ್ಕರ್ ವಿಮಲಾಳಿಗೇ ಬಂತು. ಅದು ಬೆಳಿಗ್ಗೆ ಮೊದಲ ಸೀಟಿ ಹಾಕಿದರೆ ಸಾಕು, ಕೆಳಗಿನಿಂದ ಜಲಜಾಕ್ಷಿ ಅಕ್ಕನ ದನಿ: “ಕೂಗಿತು ನೋಡಿ, ಕಳ್ಳ ಕುಕ್ಕರ್!” ಲಿಫ್ಟಿನಲ್ಲಿ ಈಗಲೂ ಅವನಿಗೆ ಜಾಗವಿತ್ತು, ಅವನನ್ನು ಕಂಡರೆ ಬೇರೆಯವರು ಹತ್ತುತ್ತಿರಲಿಲ್ಲ. ಬಾಗಿಲು ಬಾಗಿಲಿಗೆ ಹೋಗಿ ಬೇಡಿಕೊಂಡದ್ದು ಆಗಲೇ. ಎಲ್ಲರೂ ಮರ್ಯಾದೆಯಿಂದ ಕೇಳಿ, ಮರ್ಯಾದೆಯಿಂದ ಬಾಗಿಲು ಮುಚ್ಚಿದರು.

ಏಪ್ರಿಲ್ ಕೊನೆಗೆ, ಗೊಂಚಲುಗಳು ಬಾಡಿದ ಮೇಲೆ, ಶೇಖರನಿಗೆ ಒಂದು ಮಹಾ ಪ್ರಾಯಶ್ಚಿತ್ತ ಹೊಳೆಯಿತು.

“ವಿಮಲಾ, ನಮ್ಮ ಗಿಡವನ್ನೂ ಎಲ್ಲರ ಎದುರಿಗೇ ಕತ್ತರಿಸ್ತೇನೆ. ಬರುವ ವರ್ಷ ನಮಗೂ ಹೂ ಬರುವುದಿಲ್ಲ. ಆಗ ನಂಬಿಯಾರು.”

ವಿಮಲಾ ಗಿಡವನ್ನೂ ನೋಡಿದಳು, ಸೊರಗಿದ ಗಂಡನನ್ನೂ ನೋಡಿದಳು. “ಕತ್ತರಿಸಿಕೊಳ್ಳಿ,” ಎಂದಳು.

ಪಾರ್ಕಿಂಗ್‌ನಲ್ಲಿ ಸಭೆ ಸೇರಿತು. ಶೇಖರ ಕಣ್ಣು ಮುಚ್ಚಿ ಕಚಕಚನೆ ಕತ್ತರಿಸಿ, ಮೂರು ಮೋಟು ಕಡ್ಡಿಗಳನ್ನು ಉಳಿಸಿದ. ಜಲಜಾಕ್ಷಿ ಅಕ್ಕನ ಮುಖವೂ ತುಸು ಸಡಿಲವಾಯಿತು. ಆ ದಿನ ಯಶ್ವಂತ್ ಅವನ ಜೊತೆ ಲಿಫ್ಟಿನಲ್ಲಿ ಎರಡನೇ ಮಹಡಿಯವರೆಗೆ ಬಂದರು.

ಮತ್ತೆ ಪಾಡ್ವ ಬಂತು. ಈ ಸಲ ಬೇರೆ ಯಾರೂ ಯಾವುದನ್ನೂ ಕತ್ತರಿಸಿರಲಿಲ್ಲವಾದ್ದರಿಂದ ಅವರೆಲ್ಲರ ಕುಂಡದಲ್ಲೂ ಒಂದೋ ಎರಡೋ ಗೊಂಚಲು. ಒಂದು ವಾರದಿಂದ ಶೇಖರ ತನ್ನ ಬಾಲ್ಕನಿಯ ಪರದೆ ಎಳೆದಿಟ್ಟಿದ್ದ. ಏನೂ ಪ್ರಯೋಜನವಾಗಲಿಲ್ಲ, ಯಶ್ವಂತ್ ತಾವೇ ಕುಂಡ ಹೊತ್ತು ಕೆಳಗೆ ತಂದು ಎಣಿಸತೊಡಗಿದರು.

“ಏಳು... ಎಂಟು... ಒಂಬತ್ತು! ಒಂಬತ್ತ್ ಬಂದಾವಲ್ರೀ!”

ಚೈತನ್ಯಾಳ ಕೈಯಲ್ಲಿ ಮತ್ತೆ ಮೊಬೈಲು. ಶೇಖರ ಕೈಮುಗಿದು ಸನ್ನೆ ಮಾಡಿದ. ಅವಳು ನೋಡಲಿಲ್ಲ.

“ಫೂಲ್ ಸೂಖ್‌ತೇ ಹೀ ಕಾಟನಾ ಚಾಹಿಯೇ. ಪಪ್ಪಾ, ಆಪ್ ಕಾ ಟೈಮಿಂಗ್ ಏಕ್‌ದಮ್ ಪರ್ಫೆಕ್ಟ್ ಥಾ!”

ಹೂ ಬಾಡಿದ ಕೂಡಲೇ ಕತ್ತರಿಸಿದರೆ ಬರುವ ವರ್ಷ ಹೂ ಹೆಚ್ಚು! ಶೇಖರನಿಗೆ ಕಾಲಡಿಯ ಟೈಲ್ಸು ಜಾರಿದ ಹಾಗಾಯಿತು.

“ಪ್ರಾಯಶ್ಚಿತ್ತವಂತೆ!” ಜಲಜಾಕ್ಷಿ ಅಕ್ಕ ಎದೆಗೆ ಕೈ ಹಚ್ಚಿದರು. “ನಮ್ಮ ಗಿಡಕ್ಕೆ ಹೊತ್ತಲ್ಲದ ಹೊತ್ತಲ್ಲಿ, ತನ್ನ ಗಿಡಕ್ಕೆ ಸರಿಯಾದ ಹೊತ್ತಲ್ಲಿ! ಅದೂ ನಮ್ಮ ಕಣ್ಣೆದುರಿಗೇ!”

“ದೇವರಾಣೆ, ನನಗೆ ಏನೂ ಗೊತ್ತಿಲ್ಲ!”

“ಕಳೆದ ವರ್ಷವೂ ಹೀಗೇ ಹೇಳಿದ್ದಿರಿ!”

ಆಗ ವಿಮಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ಬಂದಳು.

“ಎಂಥ ಮಾತು ಜಲಜಾಕ್ಷಿ ಅಕ್ಕ? ಮೋಸ ಮಾಡ್ಲಿಕ್ಕೆ ತಲೆ ಬೇಡವಾ? ಇವರು ಹದಿನೇಳು ವರ್ಷದಿಂದ ವಾಶಿಗೆ ಹೋಗಿ ಬರುವವರು. ಈಗಲೂ ತಿಂಗಳಿಗೊಮ್ಮೆ ಮನೆಗೆ ಬರುವ ಟ್ರೈನು ಬಿಟ್ಟು ಆ ಕಡೆ ಠಾಣೆ ಊರಿಗೆ ಹೋಗುವ ಟ್ರೈನು ಹತ್ತಿ ಕೂತ್ಕೊಳ್ತಾರೆ. ಹದಿಮೂರು ಮನೆಗೆ ಟೋಪಿ ಹಾಕುವಷ್ಟು ಬುದ್ಧಿ ಇವರಿಗಿದ್ದಿದ್ರೆ ನಾವು ಇವತ್ತಿಗೂ ಒನ್ ಬಿಎಚ್‌ಕೆಯಲ್ಲಿ ಇರ್ತಿದ್ದೆವಾ?”

ಜಲಜಾಕ್ಷಿ ಅಕ್ಕ ಶೇಖರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅದೂ ಹೌದು,” ಎಂದರು.

“ಖರೇ ಐತಿ ಬಿಡ್ರಿ,” ಎಂದರು ಯಶ್ವಂತ್. “ನಾವ ತಪ್ಪ ತಿಳಕೊಂಡಿದ್ವಿ.”

ತಲೆಗಳೆಲ್ಲ ಒಟ್ಟಿಗೇ ಅಲ್ಲಾಡಿದವು. ಹಿಂದಿನಿಂದ ಯಾರೋ ‘ಪಾಪ’ ಎಂದೂ ಹೇಳಿದರು. ಒಂದು ವರ್ಷ ಬೇಡಿದ್ದು ಅರ್ಧ ನಿಮಿಷದಲ್ಲಿ ಸಿಕ್ಕಿತ್ತು. ಇಷ್ಟು ಬೇಗ, ಒಬ್ಬರ ವಿರೋಧವೂ ಇಲ್ಲದೆ ಸಿಕ್ಕೀತೆಂದು ಶೇಖರ ಕನಸಿನಲ್ಲೂ ಎಣಿಸಿರಲಿಲ್ಲ.

“ಅಲ್ಲ, ಹಾಗೆ ನೋಡಿದರೆ ನಾನು ಅಷ್ಟೊಂದು ದಡ್ಡ...” ಎಂದು ಅವನು ಬಾಯಿ ತೆರೆದ.

ಎರಡನೆಯ ಕುಕ್ಕರನ್ನು ಅವನ ಕೈಗೆ ತುರುಕಿ ವಿಮಲಾ ಪಿಸುಗುಟ್ಟಿದಳು:

“ಸುಮ್ಮನಿರಿ. ಈಗಷ್ಟೇ ನಂಬಿದ್ದಾರೆ.”