ಬಾಯಿ ತೆಗೆದಿಟ್ಟು ಸುಮ್ಮನಿರುವ ಕಷ್ಟ

"ಹಲ್ಲಿನ ಡಾಕ್ಟರಿಗೆ ಹೆದರೋ ವಂಶ ಅಲ್ಲ ನಮ್ದು! ಮೊದಲು ನಾನೇ ಹಾಕಿಸ್ಕೊಳ್ತೀನಿ, ನೋಡ್ತಾ ಇರು ಪುಟ್ಟಿ!" ಎಂದು ಡೆಲ್ಮರ್ ಕುಚೇರ ಊಟದ ಮೇಜಿನ ಮುಂದೆ ಎದೆ ತಟ್ಟಿಕೊಂಡು ಘೋಷಿಸಿದ.

ಘೋಷಣೆಯೇ ಅವನ ಹೊಟ್ಟೆಪಾಡು. ನೆಬ್ರಾಸ್ಕಾದ ಆ ಸೀಮೆಗೆಲ್ಲ ದನದ ಹರಾಜು ಕೂಗುವವನು ಅವನೇ. ಮನೆಗೆ ಬಂದ ಮೇಲೂ ಆ ನಾಲಿಗೆಗೆ ಬ್ರೇಕ್ ಬೀಳುತ್ತಿರಲಿಲ್ಲ. ಹೆಂಡತಿ ವೆಲ್ಡಾ "ಉಪ್ಪು..." ಎನ್ನುವಷ್ಟರಲ್ಲಿ ಅವನು ಉಪ್ಪು, ಮೆಣಸು, ಹವಾಮಾನ, ಹೋರಿಗಳ ಭವಿಷ್ಯ ಎಲ್ಲವನ್ನೂ ಮುಗಿಸಿರುತ್ತಿದ್ದ.

ಸಮಸ್ಯೆ ಇದ್ದದ್ದು ಎಂಟು ವರ್ಷದ ಮಗಳು ಮರೀಸಳ ಹೊಸ ದವಡೆ ಹಲ್ಲುಗಳಲ್ಲಿ. ಅವುಗಳ ಮೇಲೆ ಆಳವಾದ ಗೀರುಗಳು. ಅಲ್ಲಿ ಸಿಹಿ ಹೊಕ್ಕು ಕೂತರೆ ಬ್ರಷ್ ತಲುಪದು. ಕ್ರಿಮಿಗಳು ಅದನ್ನು ತಿಂದು ಆಸಿಡ್ ಬಿಡುತ್ತವೆ, ಆ ಆಸಿಡ್ ಎನಾಮಲನ್ನು ಕೊರೆಯುತ್ತದೆ. ಗೀರಿನ ಮೇಲೆ ಸೀಲೆಂಟ್ ಎಂಬ ತೆಳು ಲೇಪ ಬಳಿದು ಮುಚ್ಚಿಬಿಟ್ಟರೆ ಆ ಕಾಟವಿಲ್ಲ ಎಂದಿದ್ದರು ಹಲ್ಲಿನ ಡಾಕ್ಟರ್ ಇನೆಜ್. ಮರೀಸ್ ಬಾಯಿ ತೆರೆದರೆ ತಾನೇ!

"ಅಪ್ಪ ಹಾಕಿಸ್ಕೊಂಡ್ರೆ ನಾನೂ. ಅಪ್ಪನ ಕೈಲಿ ಆಗ್ದಿದ್ರೆ ನಂಗೂ ಬೇಡ!" ಎಂಬುದು ಅವಳ ಷರತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಹುಡುಕಿದಾಗ ಅಪ್ಪನ ಬಾಯಲ್ಲೂ ಹುಳುಕು ಮುಟ್ಟದ, ಆಳ ಗೀರಿನ ಎರಡು ಹಲ್ಲು ಸಿಕ್ಕವು. ಡೆಲ್ಮರ್ ಪಟ್ಟಕ್ಕೇರುವ ರಾಜನಂತೆ ಕುರ್ಚಿ ಏರಿದ.

"ನೋವೇನೂ ಇಲ್ಲ ಕುಚೇರ ಅವ್ರೇ. ಹಲ್ಲು ಒಣಗಿರ್ಬೇಕು, ಅಷ್ಟೇ. ಎಂಜಲು ತಾಗಿದ್ರೆ ಸೀಲೆಂಟ್ ಹಿಡಿಯಲ್ಲ. ಬಾಯಿ ತೆಗೆದಿಟ್ಟು ಸುಮ್ನಿರಿ."

ಸುಮ್ಮನಿರುವುದು! ವೆಲ್ಡಾ ಹಣೆ ಹಿಡಿದುಕೊಂಡಳು.

ಡಾಕ್ಟರು ಹಲ್ಲಿಗೆ ನೀಲಿ ಜೆಲ್ ಹಚ್ಚಿದರು. "ಇದರಲ್ಲಿ ಆಸಿಡ್ ಇದೆ. ಹಲ್ಲಿನ ಮೈ ಸ್ವಲ್ಪ ತರಿತರಿ ಆದ್ರೆ ಸೀಲೆಂಟ್ ಗಟ್ಟಿ ಕೂರುತ್ತೆ."

"ಆಸಿಡ್ ತಡೆಯೋಕೆ ಆಸಿಡ್ಡಾ?!" ಬಾಯಿ ಮುಚ್ಚಿತು, ಎಂಜಲು ಉಕ್ಕಿತು. ತೊಳೆದು ಮತ್ತೆ ಮೊದಲಿಂದ ಶುರು.

ಎರಡನೇ ಸಲ ಎಲ್ಲ ಸರಿಹೋಗಿತ್ತು. ಇನ್ನೇನು ಸೀಲೆಂಟ್ ಬಳಿಯಬೇಕು, ಅಷ್ಟರಲ್ಲಿ ಕಿಟಕಿಯಾಚೆ ಹೋರಿ ಹೊತ್ತ ಟ್ರಕ್ಕೊಂದು ಹಾದುಹೋಯಿತು. "ಅದೋ, ಗುಸ್ತಾವನ ಹೋರಿ! ಏನು ಬೆನ್ನು, ಏನು ಭುಜ!" ಬಾಯಲ್ಲಿಟ್ಟಿದ್ದ ಹತ್ತಿಯ ಉಂಡೆ ಹಾರಿ ಡಾಕ್ಟರ ಕನ್ನಡಕಕ್ಕೆ ಬಡಿಯಿತು!

"ಇನ್ನೊಂದೇ ಸಲ ನೋಡ್ತೀನಿ," ಎಂದರು ಡಾಕ್ಟರು ಕನ್ನಡಕ ಒರೆಸುತ್ತ.

ಮರೀಸ್ ಆಗಲೇ ಜಾಕೆಟ್ ತೊಡುತ್ತಿದ್ದಳು. ಮಗಳ ಮುಖದ ಆ ನೆಮ್ಮದಿ ಡೆಲ್ಮರನ ಕಣ್ಣಿಗೆ ಬಿತ್ತು. ತನ್ನ ಬಾಯಿಂದಾಗಿ ಮಗಳ ಹಲ್ಲು ಹಾಳಾಗುವುದೇ!

"ಪುಟ್ಟಿ, ಹೋಗ್ಬೇಡ. ಅಪ್ಪನ ಕೈ ಹಿಡ್ಕೋ."

ಅವಳು ಹಿಡಿದುಕೊಂಡಳು. ಹಲ್ಲು ಒಣಗಿತು. ಅಪ್ಪನ ಬಾಯಿ ಗುಹೆಯಂತೆ ತೆರೆದುಕೊಂಡಿತ್ತು, ಶಬ್ದವಿಲ್ಲ. ಇಂಥ ಅವಕಾಶ ಹುಟ್ಟಿದಾಗಿನಿಂದ ಅವಳಿಗೆ ಸಿಕ್ಕಿರಲಿಲ್ಲ!

"ಅಪ್ಪಾ, ಈಗ ನೀನು ಬೈಯೋಕಾಗಲ್ಲ ಅಲ್ವಾ? ಕೋಳಿಗೂಡಿನ ಬಾಗಿಲು ತೆಗೆದಿಟ್ಟಿದ್ದು ನರಿ ಅಲ್ಲ, ನಾನು."

"ಆಂ...!"

"ಅಲ್ಲಾಡ್ಬೇಡಿ!" ಎಂದರು ಡಾಕ್ಟರು.

"ನಿನ್ನ ಹೊಸ ಟೋಪಿ ಕಳೆದಿಲ್ಲ. ಬೆಕ್ಕು ಅದರೊಳಗೆ ಮರಿ ಹಾಕಿದೆ. ನಾನೇ ಕೊಟ್ಟೆ."

ಡೆಲ್ಮರನ ಕಣ್ಣುಗುಡ್ಡೆ ಎರಡೂ ಆಚೆ ಬಂದವು. ಬಾಯಿ ಮಾತ್ರ ಮುಚ್ಚಲಿಲ್ಲ. ಸೀಲೆಂಟ್ ಗೀರಿಗಿಳಿಯಿತು, ಅದನ್ನು ಗಟ್ಟಿಯಾಗಿಸುವ ನೀಲಿ ದೀಪ ಹತ್ತಿತು. ವೆಲ್ಡಾ ಕುರ್ಚಿಯನ್ನು ಮೆಲ್ಲಗೆ ಹತ್ತಿರಕ್ಕೆಳೆದುಕೊಂಡಳು.

"ಹಾಗಿದ್ರೆ ನಂದೂ ಒಂದಿದೆ ಡೆಲ್. ನಾಳೆ ನಮ್ಮಮ್ಮ ಬರ್ತಿದ್ದಾಳೆ. ತಿಂಗಳು ಪೂರ್ತಿ ಇರ್ತಾಳೆ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡು."

ಡೆಲ್ಮರ್ ಛಾವಣಿ ನೋಡುತ್ತ ಮಲಗಿದ. ಕಣ್ಣಂಚಿನಿಂದ ಒಂದು ಹನಿ ಕಿವಿಯತ್ತ ಜಾರಿತು.

"ಆಯ್ತು! ಗಟ್ಟಿಯಾಗಿ ಹಿಡಿದಿದೆ!" ಎಂದರು ಡಾಕ್ಟರು.

ಮಾತು ಕೊಟ್ಟಂತೆ ಮರೀಸ್ ಕುರ್ಚಿ ಏರಿ, ಅಪ್ಪನ ಹೆಬ್ಬೆರಳು ಬಿಗಿಯಾಗಿ ಹಿಡಿದು ಬಾಯಿ ತೆರೆದಳು. ಒಮ್ಮೆಯೂ ಮಿಸುಕಲಿಲ್ಲ. ಒಂದೇ ಸಲಕ್ಕೆ ಕೆಲಸ ಮುಗಿಯಿತು. ಡೆಲ್ಮರನ ಎದೆ ಉಬ್ಬಿತು. ಈಗ ಅವನ ಬಾಯಿ ಸ್ವತಂತ್ರ. ಕೋಳಿ, ಟೋಪಿ, ಅತ್ತೆ, ಎಲ್ಲದಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮಗಳ ಮುಖ ನೋಡಿದ. ಎಲ್ಲ ಕರಗಿಹೋಯಿತು.

"ಎಷ್ಟು ಮರಿ ಪುಟ್ಟಿ?" ಎಂದಷ್ಟೇ ಕೇಳಿದ.

"ಐದು! ಒಂದಕ್ಕೆ ನಿನ್ನ ಹೆಸರೇ ಇಟ್ಟಿದ್ದೀನಿ ಅಪ್ಪಾ."

"ಹೌದಾ! ಬಲಶಾಲಿ ಮರಿನಾ?"

"ಇಲ್ಲಪ್ಪ. ಅದಿನ್ನೂ ಕಣ್ಣೇ ಬಿಟ್ಟಿಲ್ಲ, ಬಾಯಿ ಮಾತ್ರ ಮುಚ್ಚಲ್ಲ!"