ಪನ್ನೀರು ಚಿಮುಕಿಸಿದರೂ ಏಳದ ಅತಿಥಿಗೆ

ಮಾನ್ಯರೇ,

ಫ್ರೆಂಚ್ ದೇಶದ ಮಹಾ ಪ್ರವಾಸಿಗಳೂ ಗ್ರಂಥಕರ್ತರೂ ಆದ ಮೊಸ್ಯೂ ಲೆಪಾಲ್ ಅವರಿಗೆ, ತುರ್ಕರ ಸೀಮೆಯ ಮನಾಸ್ತಿರ್ ಪಟ್ಟಣದಲ್ಲಿ ರಜಾಯಿ ಹೊಲಿದು ಬದುಕುವ ಶಾಕಿರ್ ಮಾಡುವ ಸಾವಿರ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸೊಂಟವಂತೂ ಕ್ಷೇಮವಾಗಿಯೇ ಇರಬೇಕು, ಅದರ ಗಟ್ಟಿತನವನ್ನು ನನ್ನ ಮನೆಯಲ್ಲಿ ಅತಿಥಿಗಳು ಕೂರುವ ಮೆತ್ತೆಯ ದಿವಾನು ಬಲ್ಲದು.

ಕಳೆದ ವಸಂತದಲ್ಲಿ ತಾವು ಒಂದು ಕಾಫಿಗೆಂದು ನಮ್ಮ ಮನೆಗೆ ಬಂದು ರಾತ್ರಿಯ ಊಟದವರೆಗೂ ಕೂತು, ಆಮೇಲೆ ನಮ್ಮ ಊರಿನ ರೀತಿರಿವಾಜುಗಳ ಬಗ್ಗೆ ಬರೆದ ಪುಸ್ತಕವನ್ನು ಔಷಧಿ ಅಂಗಡಿಯ ಸ್ಪಿರೋ ಕಾಫಿಖಾನೆಯಲ್ಲಿ ನಮಗೆಲ್ಲ ಓದಿ ಹೇಳಿದ. ತಮ್ಮ ಕಡೆಯ ವಿದ್ವಾಂಸರು ಇನ್ನು ಇದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರಂತೆ. ಇಲ್ಲೇ ಹುಟ್ಟಿ ಗಡ್ಡ ಬೆಳ್ಳಗಾದ ನಮಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ತಾವು ಕೂತಲ್ಲೇ ಕಂಡುಹಿಡಿದಿದ್ದೀರಿ.

ಈ ಜನ ಅತಿಥಿಯ ಮೇಲೆ ಗಳಿಗೆಗೊಮ್ಮೆ ಪನ್ನೀರು ಚಿಮುಕಿಸಿ, ಗಡ್ಡಕ್ಕೆ ಧೂಪದ ಹೊಗೆ ಹಿಡಿದು ಪೂಜಿಸುತ್ತಾರೆ, ಆಗ ಯಜಮಾನನು ಭಕ್ತಿಯಿಂದ ಬಾಯಿ ತೆರೆದು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾನೆ ಎಂದು ಬರೆದಿದ್ದೀರಿ. ಸ್ವಾಮೀ, ಅದು ಆಕಳಿಕೆ. ಎದ್ದು ಹೋಗಿ ಎಂದು ಬಾಯಿಬಿಟ್ಟು ಹೇಳುವಷ್ಟು ಮರ್ಯಾದೆಗೆಟ್ಟವರು ನಾವಲ್ಲ. ಪನ್ನೀರು, ಧೂಪ ಬಂತೆಂದರೆ ಅತಿಥಿ ತಾನಾಗಿಯೇ ಎದ್ದು ಜೋಡು ಮೆಟ್ಟುತ್ತಾನೆ. ತಾವು ಇನ್ನೊಂದು ಕಾಫಿ ಕೇಳಿದಿರಿ. ನನ್ನ ಹೆಂಡತಿ ರುಕಿಯೆ ಒಳಗಿನಿಂದ ಸೀಸೆಯ ಮೇಲೆ ಸೀಸೆ ಕಳಿಸಿದಳು. ಕೊನೆಗೆ ತಮ್ಮ ಕೋಟು ಹಿಂಡಿದ್ದರೆ ಒಂದು ಮದುವೆಗೆ ಸಾಕಾಗುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮೊನ್ನೆ ನನ್ನ ಮಗಳು ನಾಜಿಫೆಯ ಮದುವೆ ಮಾತು ಪಕ್ಕಾ ಮಾಡಲು ಹುಡುಗನ ತಂದೆ, ಕುದುರೆ ಜೀನು ಹೊಲಿಯುವ ತಾಹಿರ್ ಆಗಾ ಬಂದಿದ್ದರು. ಮಾತು ಇನ್ನೇನು ಕುದುರಬೇಕು ಎನ್ನುವಾಗ, ತಮ್ಮ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಮ್ಮ ದೇಶದವನೊಬ್ಬ ಬಂದು ನಡುವೆ ಕೂತು, ಪುಟ ತೆರೆದು, ಪನ್ನೀರು ಎಲ್ಲಿ ಎಂದು ಬೆರಳಿಟ್ಟು ಕೇಳಿದ. ಇವನು ತೊಲಗಿದರೆ ಸಾಕೆಂದು ರುಕಿಯೆ ಸೀಸೆ ಕಳಿಸಿದಳು. ಒಬ್ಬ ಅತಿಥಿಗೆ ಚಿಮುಕಿಸಿ ಇನ್ನೊಬ್ಬರನ್ನು ಬಿಡುವಂತಿಲ್ಲವಾದ್ದರಿಂದ ಸೀಸೆ ಹಿಡಿದಿದ್ದ ನನ್ನ ತಮ್ಮ ಇಬ್ಬರಿಗೂ ಚಿಮುಕಿಸಿದ. ತಾಹಿರ್ ಆಗಾ ತಮ್ಮ ಒದ್ದೆ ಕೈ ನೋಡಿಕೊಂಡು, "ತಿಳೀತು ಬಿಡು ಶಾಕಿರ್, ಕಾಫಿ ಇನ್ನೂ ಬಿಸಿಯಾಗೇ ಇತ್ತು" ಎಂದಷ್ಟೇ ಹೇಳಿ ಹೊರಟೇಹೋದರು. ತಮ್ಮ ದೇಶದವನು ತೃಪ್ತಿಯಿಂದ ಕಾಲು ಚಾಚಿದ.

ಅಂದಿನಿಂದ ನಾಜಿಫೆ ತನ್ನ ಮದುವೆಗೆಂದು ತಾನೇ ಹೊಲಿದ ರಜಾಯಿಯ ಹೊಲಿಗೆ ಬಿಚ್ಚುತ್ತಿದ್ದಾಳೆ. ಬಿಚ್ಚಿದ ನೂಲನ್ನು ನಾನು ಉಂಡೆ ಸುತ್ತುತ್ತಿದ್ದೇನೆ.

ಆದ್ದರಿಂದ, ಪುಸ್ತಕ ತಿದ್ದುವ ಕಷ್ಟವೇನೂ ತಮಗೆ ಬೇಡ. ತಮಗೆ ಕರಗತವಾದ ವಿದ್ಯೆಯನ್ನೇ ಬೇಡುತ್ತಿದ್ದೇನೆ: ದಯಮಾಡಿ ಕೂಡಲೇ ಹೊರಟುಬಂದು ತಾಹಿರ್ ಆಗಾ ಅವರ ಮನೆಯಲ್ಲಿ ಕೂರಬೇಕು. ಅವರು ಪನ್ನೀರು ಸುರಿಯಲಿ, ಧೂಪ ಹಾಕಲಿ, ಕೆಮ್ಮಲಿ, ದೀಪ ಆರಿಸಲಿ, ತಾವು ಮಾತ್ರ ಏಳಕೂಡದು. ಆಗಲಾದರೂ ನಮ್ಮ ಪಾಡು ಅವರಿಗೆ ಅರ್ಥವಾದೀತು.

ತಮ್ಮ ವಿಶ್ವಾಸಿ,
ಇನ್ನೂ ಒಣಗದ ದಿವಾನಿನ ಒಡೆಯ ಶಾಕಿರ್

ಮರೆತ ಮಾತು: ತಾವು ಬರಬೇಕಾಗಿಲ್ಲ. ಪತ್ರ ಮಡಚುವಷ್ಟರಲ್ಲಿ ತಾಹಿರ್ ಆಗಾ ಬರಿಗಾಲಲ್ಲೇ ಓಡಿಬಂದರು. ತಮ್ಮ ದೇಶದವನು ಮೊನ್ನೆ ನಮ್ಮ ಮನೆಯಿಂದ ಎದ್ದು ನೇರ ಅವರ ಮನೆಗೇ ಹೋಗಿ ಕೂತವನು ಇನ್ನೂ ಎದ್ದಿಲ್ಲವಂತೆ. "ಪನ್ನೀರೆಲ್ಲ ಖಾಲಿ. ಅವನನ್ನ ಅಲ್ಲೇ ಬಿಟ್ಟು ತಪ್ಪಿಸಿಕೊಂಡು ಬಂದೆ, ಒಂದು ಕಾಫಿ ಕೊಡಿಸಿ ಬೀಗರೇ" ಎಂದರು. ನಾಜಿಫೆ ಒಳಗೆ ಸೂಜಿ ಹುಡುಕುತ್ತಿದ್ದಾಳೆ. ಮದುವೆಗೆ ತಮಗೆ ಆಮಂತ್ರಣವಿಲ್ಲ. ಬಂದೇಬಿಟ್ಟರೆ ಪನ್ನೀರು ಬಾಗಿಲಲ್ಲೇ ಸಿಗುತ್ತದೆ.